ಪಾಲಿಮರ್ ಸಂಯೋಜಿತಗಳಲ್ಲಿ ಸಸ್ಯಶೇಷಗಳ ಚೂರ್ಣ

ತೆಂಗಿನ ಕರಟ, ಭತ್ತದ ಹೊಟ್ಟು, ಗರಗಸದ ಪುಡಿ, ಶೇಂಗಾ ಸಿಪ್ಪೆ, ಅಡಕೆಯ ಸಿಪ್ಪೆ, ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆ ಮುಂತಾಗಿ, ಬೆಳೆಯ ತಿರುಳನ್ನು ಬೇರ್ಪಡಿಸಿಕೊಂಡ ತರುವಾಯ ಕಣದಲ್ಲಿಯೂ ಗಿರಣಿಯಲ್ಲಿಯೂ ರಾಶಿಬೀಳುವ ಸಸ್ಯಭಾಗಗಳನ್ನು ಒಣಗಿಸಿ, ಬೀಸಿ, ಜರಡಿ ಹಿಡಿದು, ಆ ಚೂರ್ಣವನ್ನು ಕರಗಿದ ಪ್ಲಾಸ್ಟಿಕ್ಕಿನಲ್ಲಿಯೋ ದ್ರವರೂಪದ ರಾಳದಲ್ಲಿಯೋ ಕಲಸಿ ಅಚ್ಚಿಗೆ ಹೊಯ್ದು ಪಡೆಯುವ ಘನವಸ್ತುಗಳು ಪಾಲಿಮರ್ ಸಂಯೋಜಿತಗಳ ಒಂದು ದೊಡ್ಡ ವರ್ಗವಾಗಿವೆ. ಇವುಗಳಲ್ಲಿ ಎಡೆಬಿಡದೆ ವ್ಯಾಪಿಸಿರುವ ಪಾಲಿಮರನ್ನು ಮಾತೃಕೆಯೆಂದೂ, ಅದರಲ್ಲಿ ಚೆದರಿ ಹುದುಗಿರುವ ಕಣಗಳನ್ನು ಪೂರಕವೆಂದೂ ಕರೆಯುತ್ತಾರೆ. ಗಾಜಿನ ನಾರು, ಇಂಗಾಲದ ನಾರುಗಳನ್ನು ಹಾಸಿ ಮಾಡುವ ಸಂಯೋಜಿತಗಳಿಗೂ ಇವುಗಳಿಗೂ ಕುಲವೊಂದೇ ಆದರೂ ಸ್ವಭಾವ ಬೇರೆ: ಅಲ್ಲಿ ಉದ್ದನೆಯ ನಾರು ಭಾರವನ್ನು ತಾನೇ ಹೊತ್ತು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸುತ್ತದೆ, ಇಲ್ಲಿ ಕಣವು ಮೋಟಾಗಿರುವುದರಿಂದ ಭಾರವನ್ನು ಪಡೆಯುವುದಕ್ಕೂ ಹಿಂದಿರುಗಿಸುವುದಕ್ಕೂ ಸುತ್ತಣ ಮಾತೃಕೆಯ ಆಸರೆಯನ್ನೇ ನಂಬಿರಬೇಕಾಗುತ್ತದೆ.

ಈ ವಸ್ತುಗಳನ್ನು ಕುರಿತು ಬರೆಯುವವರೆಲ್ಲರೂ ಬಲವರ್ಧನೆಯ ಮಾತನ್ನು ಎತ್ತುವುದು ವಾಡಿಕೆ. ಆದರೆ ಚೂರ್ಣ ಬೆರೆತ ಮಾತ್ರಕ್ಕೆ ಪ್ಲಾಸ್ಟಿಕ್ಕಿಗೆ ಬರತಕ್ಕದ್ದು ಬಿಗುವೇ ಹೊರತು ಬಲವಲ್ಲ. ಬಾಗದೆ ನಿಲ್ಲುವ ಗುಣ ಒಂದು, ಮುರಿಯದೆ ನಿಲ್ಲುವ ಗುಣ ಇನ್ನೊಂದು. ಮೊದಲನೆಯದು ಪೂರಕವನ್ನು ಸೇರಿಸಿದೊಡನೆಯೇ ಕೈಗೂಡುತ್ತದೆ; ಎರಡನೆಯದನ್ನು ಕಣವೂ ಮಾತೃಕೆಯೂ ಕೂಡುವ ಮೇಲ್ಮೈಯಲ್ಲಿ ಪ್ರಯತ್ನಪೂರ್ವಕವಾಗಿ ಸಂಪಾದಿಸಬೇಕು. ಈ ಭೇದವನ್ನು ಮರೆತು ಬರೆದ ಪ್ರಶಂಸೆಗಳು ಬಹಳವಾಗಿರುವುದರಿಂದ ಪ್ರಾರಂಭದಲ್ಲಿಯೇ ಇದನ್ನು ಹೇಳಿಡುವುದು ಲೇಸು.

ಅಂಟುವ ದ್ರವ್ಯದಲ್ಲಿ ಸಸ್ಯದ ಪುಡಿಯನ್ನು ಕಲಸಿ ಗಟ್ಟಿಯಾದ ವಸ್ತುವನ್ನು ಮಾಡುವ ವಿದ್ಯೆ ಪ್ಲಾಸ್ಟಿಕ್ಕಿಗಿಂತ ಹಳೆಯದು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಬಣ್ಣದ ಬೊಂಬೆಗಳನ್ನೂ ದೇವತಾವಿಗ್ರಹಗಳನ್ನೂ ಮಾಡುವ ಚಿತ್ರಗಾರರು ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಸರಿಯೊಡನೆ ಕಲಸಿ ಕಿಟ್ಟವೆಂಬ ಮುದ್ದೆಯನ್ನು ಸಿದ್ಧಪಡಿಸುತ್ತಾರೆ. ಮರದ ತುಂಡುಗಳನ್ನು ಕೂಡಿಸುವುದಕ್ಕೂ ಮೈಯನ್ನು ತಿದ್ದುವುದಕ್ಕೂ ಬಳಕೆಯಾಗುವ ಈ ಮುದ್ದೆಯಲ್ಲಿ ಹುಣಸೆಬೀಜದ ಅಂಟು ಸಾಕ್ಷಾತ್ತಾಗಿ ಒಂದು ನಿಸರ್ಗದತ್ತ ಪಾಲಿಮರ್. ನಾರಿನ ಪುಡಿ ಅದರ ಪೂರಕ. ಯುರೋಪಿನಲ್ಲಿ 1855ರಲ್ಲಿ ಪ್ಯಾರಿಸ್ಸಿನ ಲೆಪಾಜ್ ಎಂಬಾತ ಕರಿಮರದ ಸಣ್ಣ ಪುಡಿಯನ್ನು ಪ್ರಾಣಿರಕ್ತದಿಂದ ತೆಗೆದ ಆಲ್ಬುಮಿನ್ನಿನೊಡನೆ ಬೆರೆಸಿ, ಕಾಯಿಸಿದ ಅಚ್ಚಿನಲ್ಲಿ ಒತ್ತಿ, ಪದಕಗಳನ್ನೂ ಮಸಿಕುಡಿಕೆಗಳನ್ನೂ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಬ್ವಾ ದುರ್ಸಿ ಎಂಬ ಹೆಸರಿನ ಆ ವಸ್ತುವಿನ ಮಾದರಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಹೊಳಪುಗೆಡದೆ ಉಳಿದಿವೆ.

ಸಂಪೂರ್ಣವಾಗಿ ಕೃತಕವಾದ ಮೊದಲ ಪ್ಲಾಸ್ಟಿಕ್ಕೆಂದು ಪ್ರಸಿದ್ಧವಾದ ಬೇಕಲೈಟಿನ ಚರಿತ್ರೆಯೂ ಮರದ ಹಿಟ್ಟಿನ ಚರಿತ್ರೆಯೂ ಬೇರೆಬೇರೆಯಲ್ಲ. ಬೆಲ್ಜಿಯಂ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡುಗಳಿಂದ ರಚಿಸಿದ ರಾಳ ತಾನೊಂದೇ ಆಗಿದ್ದರೆ ಗಾಜಿನಂತೆ ಪೆಡಸು. ಅದರಲ್ಲಿ ಮರದ ಹಿಟ್ಟನ್ನು ಬೆರೆಸಿ ಅಚ್ಚೊತ್ತಿದಾಗ ಮಾತ್ರ ಬಿರುಕುಬಿಡದ, ಕುಗ್ಗದ, ವಿದ್ಯುತ್ತಿನ ಸ್ವಿಚ್ಚು ಮತ್ತು ದೂರವಾಣಿಯ ಹಿಡಿಕೆಗಳಿಗೆ ಯೋಗ್ಯವಾದ ವಸ್ತು ದೊರೆಯಿತು. ಹೀಗೆ ಪ್ಲಾಸ್ಟಿಕ್ ಯುಗದ ಅರುಣೋದಯದಲ್ಲಿಯೇ ಪೂರಕಕ್ಕೆ ಗೌರವದ ಸ್ಥಾನವಿದ್ದಿತು. ಎರಡನೆಯ ಮಹಾಯುದ್ಧಾನಂತರ ಪೂರ್ವಜರ್ಮನಿಯ ಟ್ಸ್ವಿಕಾವ್ ನಗರದಲ್ಲಿ 1957ರಿಂದ 1991ರವರೆಗೆ ತಯಾರಾದ ಟ್ರಾಬಾಂಟ್ ಮೋಟಾರುಗಾಡಿಗೆ ತಗಡಿನ ಅಭಾವದ ನಿಮಿತ್ತವಾಗಿ ಹತ್ತಿಯ ಗಿರಣಿಗಳ ಕಸರನ್ನು ಫೀನಾಲ್ ರಾಳದಲ್ಲಿ ಒತ್ತಿ ಮಾಡಿದ ಹೊದಿಕೆಯನ್ನು ತೊಡಿಸಿದರು. ಸುಮಾರು 30 ಲಕ್ಷ ಗಾಡಿಗಳು ಈ ಉಡುಪಿನಲ್ಲಿಯೇ ಬೀದಿಗಿಳಿದುವು. ಪಾಲಿಪ್ರೊಪಿಲೀನಿನಂಥ ಕಾಯಿಸಿದರೆ ಮೆತ್ತಗಾಗುವ ಪ್ಲಾಸ್ಟಿಕ್ಕುಗಳಲ್ಲಿ ಸರಿಪಾಲು ಮರದ ಹಿಟ್ಟನ್ನು ಸೇರಿಸುವ ಕೈಗಾರಿಕೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1983ರಲ್ಲಿ ತಲೆಯೆತ್ತಿ, ಮೋಟಾರುಗಾಡಿಗಳ ಒಳಹಲಗೆಗಳನ್ನು ಪೂರೈಸಿತು. ಮುಂದಿನ ದಶಕದಲ್ಲಿ ಮನೆಯಂಗಳದ ಜಗಲಿಹಲಗೆಗಳಿಗೆ ಅದು ವ್ಯಾಪಿಸಿತು.

ಪೂರಕವಾಗಿ ಬರುವ ಸಸ್ಯಶೇಷಗಳೆಲ್ಲವುಗಳ ರಾಸಾಯನಿಕ ಘಟಕಗಳು ಸ್ಥೂಲವಾಗಿ ಒಂದೇ: ಜೀವಕೋಶದ ಭಿತ್ತಿಗೆ ಎಳೆಯೆಳೆಯಾಗಿ ಸತ್ತ್ವಕೊಡುವ ಸೆಲ್ಯುಲೋಸ್, ಅದನ್ನು ಸುತ್ತುವರಿದ ಹೆಮಿಸೆಲ್ಯುಲೋಸ್, ಇವೆರಡನ್ನೂ ಬೆಸೆದು ನಿಲ್ಲಿಸುವ ಲಿಗ್ನಿನ್. ಆದರೆ ಪುಡಿಯಾದಾಗ ಕಣವು ತಾಳುವ ರೂಪವನ್ನು ನಿರ್ಣಯಿಸುವುದು ಈ ಮೂರರ ಪ್ರಮಾಣಕ್ಕಿಂತ ಹೆಚ್ಚಾಗಿ ಅಂಗಾಂಶದ ರಚನೆ. ಮರವನ್ನು ಬೀಸಿದರೆ ಉದ್ದ ಅಗಲಕ್ಕಿಂತ ಎರಡು, ಮೂರು, ನಾಲ್ಕು ಪಟ್ಟಿರುವ ಸಣ್ಣ ಸಿಬಿರುಗಳು ಬರುತ್ತವೆ. ತೆಂಗಿನ ಕರಟವಾದರೋ ನಾರಿನಿಂದ ಕಟ್ಟಿದುದಲ್ಲ. ದಪ್ಪಗೋಡೆಯ, ಲಿಗ್ನಿನ್ ತುಂಬಿ ಕಲ್ಲಾದ ಶಿಲಾಕೋಶಗಳು ಒತ್ತೊತ್ತಾಗಿ ಕೂಡಿ ಆದದ್ದು. ಆದುದರಿಂದ ಅದು ಒಡೆದಾಗ ಸೀಳದೆ, ಮೂಲೆಮೊನೆಗಳುಳ್ಳ ಹರಳುಗಳಾಗಿ ಉದುರುತ್ತದೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಲಿಗ್ನಿನ್ನೇ, ಬೂದಿ ಅತ್ಯಲ್ಪ. ಹರಳಿನಂಥ ಈ ಕಣವು ಭಾರವನ್ನು ಹೊರುವುದರಲ್ಲಿ ಮರದ ಸಿಬಿರಿಗೆ ಸಮನಲ್ಲವಾದರೂ, ಗಡಸುತನದಲ್ಲಿಯೂ, ಉಜ್ಜಾಟವನ್ನು ತಾಳುವುದರಲ್ಲಿಯೂ, ನೀರನ್ನು ಮೆಲ್ಲಗೆ ಹೀರುವುದರಲ್ಲಿಯೂ ಅದನ್ನು ಮೀರಿಸುತ್ತದೆ.

ನಮ್ಮ ನಾಡಿನಲ್ಲಿ ಕರಟದ ಚೂರ್ಣಕ್ಕೆ ವಿಶೇಷವಾದ ಅನುಕೂಲ ಒದಗಿರುವುದು ತಿಪಟೂರಿನ ಸುತ್ತಣ ಸೀಮೆಯಲ್ಲಿ. ಅಲ್ಲಿ ಗಿಟುಕು ಕೊಬ್ಬರಿಗಾಗಿ ಬಲಿತ ಕಾಯನ್ನು ಸುಲಿಯದೆ ಹಲವು ತಿಂಗಳುಗಳ ಕಾಲ ಅಟ್ಟದ ಮೇಲೆ ಇಟ್ಟಿರುತ್ತಾರೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಗುಡುಗುಡನೆ ಉರುಳುವಂತಾದ ಮೇಲೆ ಸುಲಿದು, ಗಿಟುಕು ಒಡೆಯದಂತೆ ಚಿಪ್ಪನ್ನು ಮಾತ್ರ ಬಿಡಿಸುತ್ತಾರೆ. ಹಾಗೆ ಸಿಕ್ಕುವ ಕರಟ ಹಸಿ ತೆಂಗಿನಕಾಯಿಯ ಕರಟದಂತೆ ತಿರುಳಿನ ಚೂರನ್ನು ಅಂಟಿಸಿಕೊಂಡಿರುವುದಿಲ್ಲ. ತೇವವೂ ಬಹುಮಟ್ಟಿಗೆ ಹೋಗಿರುತ್ತದೆ. ಆದರೆ ಪ್ಲಾಸ್ಟಿಕ್ ತಯಾರಕರಿಗಾಗಿ ಅದು ಬಿಟ್ಟಿಯಾಗಿ ಬಿದ್ದಿದೆಯೆಂದು ಭ್ರಮಿಸಲಾಗದು. ಇದ್ದಲಿನ ಭಟ್ಟಿಯವರು, ಆ ಇದ್ದಲಿನಿಂದ ಸಕ್ರಿಯ ಇಂಗಾಲವನ್ನು ತೆಗೆಯುವವರು, ಸೊಳ್ಳೆಬತ್ತಿಗೂ ಪ್ಲೈವುಡ್ಡಿನ ಅಂಟಿಗೂ ಪುಡಿಯನ್ನು ಒದಗಿಸುವವರು ಎಲ್ಲರೂ ಅದೇ ಕರಟಕ್ಕೆ ಬೆಲೆ ಕಟ್ಟಿ ಕೊಳ್ಳುವವರೇ. ಸಸ್ಯಶೇಷಗಳನ್ನು ಕುರಿತ ಲೇಖನಗಳಲ್ಲಿ ಬಹುವಾಗಿ ಕಾಣುವ ಪುಕ್ಕಟೆ ಮಾಲೆಂಬ ಎಣಿಕೆ ಗ್ರಾಮದ ಲೆಕ್ಕಪುಸ್ತಕಕ್ಕೆ ಒಪ್ಪುವಂಥದಲ್ಲ.

ಭತ್ತದ ಹೊಟ್ಟಿನ ಪ್ರಕೃತಿ ಬೇರೆ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು. ಅದನ್ನು ಸುಟ್ಟರೆ ಶೇ. 15ರಿಂದ 20ರಷ್ಟು ಬೂದಿ ಉಳಿಯುತ್ತದೆ. ಆ ಬೂದಿಯ ಬಹುಭಾಗ ಸಿಲಿಕ. ಹೊಟ್ಟಿನ ಹೊರಮೈಯಲ್ಲಿ ಸಾಲುಸಾಲಾದ ಗುಬುಟುಗಳ ರೂಪದಲ್ಲಿ ಈ ಸಿಲಿಕ ಸೇರಿಕೊಂಡಿದ್ದರೆ, ಒಳಮೈ ಮೇಣದ ಲೇಪದಿಂದ ನುಣುಪಾಗಿರುತ್ತದೆ. ಆದುದರಿಂದಲೇ ಅಂಟು ಅದಕ್ಕೆ ಹಿಡಿಯುವುದು ಕಷ್ಟ. ಸಿಲಿಕದ ದೆಸೆಯಿಂದ ಹೊಟ್ಟು ಬೇಗನೆ ಕೊಳೆಯುವುದಿಲ್ಲವೆಂಬುದು ಒಂದು ಲಾಭ. ಅದೇ ಸಿಲಿಕ ಬೀಸುವ ಯಂತ್ರದ ಹಲ್ಲುಗಳನ್ನೂ ಪ್ಲಾಸ್ಟಿಕ್ ನೂಕುವ ತಿರುಪುಗಳನ್ನೂ ಸವೆಸುತ್ತದೆಂಬುದು ಅದರ ಮಗ್ಗುಲಲ್ಲಿಯೇ ಇರುವ ನಷ್ಟ. ಗಂಗಾವತಿ, ಸಿಂಧನೂರುಗಳ ಅಕ್ಕಿಗಿರಣಿಗಳಲ್ಲಿ ಹೊಟ್ಟು ಬೆಟ್ಟದಂತೆ ಕಂಡರೂ ಅದು ಹತ್ತಿಗಿಂತ ಹೆಚ್ಚೇನೂ ಭಾರವಲ್ಲದ ಹಗುರ ಸರಕಾದ್ದರಿಂದ ಲಾರಿ ತುಂಬಿದರೂ ತೂಕವೇಳದು. ಸಾಗಣೆಯ ವೆಚ್ಚವೇ ಮಾಲಿನ ಬೆಲೆಯನ್ನು ನುಂಗುವ ಸಂಭವವುಂಟು. ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆಗಳ ವಿಷಯದಲ್ಲಿಯೂ ಇದೇ ತೊಡಕು. ಕಬ್ಬಿನ ಸಿಪ್ಪೆಯನ್ನಂತೂ ಸಕ್ಕರೆ ಕಾರ್ಖಾನೆ ತನ್ನ ಬಾಯ್ಲರಿಗೇ ಉರುವಲಾಗಿ ಹಾಕಿಕೊಳ್ಳುತ್ತದೆ.

ಚೂರ್ಣವನ್ನು ಸಿದ್ಧಪಡಿಸುವುದರಲ್ಲಿ ಎರಡು ಕೆಲಸಗಳು ಮುಖ್ಯ. ಮೊದಲನೆಯದು ಕಣದ ಗಾತ್ರವನ್ನು ಹದಕ್ಕೆ ತರುವುದು. ಜರಡಿಯ ನಂಬರು ಏರಿದಷ್ಟೂ ಕಣ್ಣು ಕಿರಿದು: 40ನೆಯ ನಂಬರಿನ ಕಣ್ಣು 425 ಮೈಕ್ರಾನ್, 80ನೆಯದು 180, 200ನೆಯದು 75. ಕಣ ಸಣ್ಣದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ಹೆಚ್ಚಿ ಮಾತೃಕೆಯೊಡನೆ ಹಿಡಿತ ವೃದ್ಧಿಯಾಗುತ್ತದೆ. ತೀರ ಸಣ್ಣದಾದರೆ ಕಣಗಳು ಮಾತೃಕೆಯನ್ನು ಬಿಟ್ಟು ಒಂದನ್ನೊಂದು ಹಿಡಿದುಕೊಂಡು ಗಂಟುಕಟ್ಟುತ್ತವೆ. ಎರಡನೆಯ ಕೆಲಸ ತೇವವನ್ನು ತೆಗೆಯುವುದು. ನೋಡುವುದಕ್ಕೆ ಒಣಗಿದಂತಿರುವ ಪುಡಿಯಲ್ಲಿಯೂ ಶೇ. 5ರಿಂದ 10ರಷ್ಟು ನೀರು ಅಡಗಿರುತ್ತದೆ. ಅದು ಯಂತ್ರದೊಳಗೆ ಆವಿಯಾಗಿ ಹಲಗೆಯ ಒಡಲೆಲ್ಲ ಗುಳ್ಳೆಯಾಗಿಸುವುದರಿಂದ, 105 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಲೆಯಲ್ಲಿಟ್ಟು ಒಣಗಿಸುವುದು ರೂಢಿ. ಹೀಗೆ ಒಣಗಿದ ನವುರಾದ ಪುಡಿ ಗಾಳಿಯಲ್ಲಿ ತೂರಿದಾಗ ಒಂದು ಕಿಡಿಗೆ ಸ್ಫೋಟಿಸಬಲ್ಲದೆಂಬ ಎಚ್ಚರವೂ ಗಿರಣಿಯವರಿಗೆ ಇರತಕ್ಕದ್ದು.

ಯಾವ ಪ್ಲಾಸ್ಟಿಕ್ಕಿಗೆ ಈ ಪೂರಕ ಸಲ್ಲುವುದೆಂಬುದನ್ನು ತೀರ್ಮಾನಿಸುವುದು ಉಷ್ಣತೆ. ಸುಮಾರು 200 ಡಿಗ್ರಿ ಮೀರಿದರೆ ಹೆಮಿಸೆಲ್ಯುಲೋಸ್ ಕಂದಿ, ಪುಡಿ ಕಮರುವಾಸನೆ ಬೀರತೊಡಗುತ್ತದೆ. ಪಾಲಿಥೀನ್ 130 ಡಿಗ್ರಿಯ ಆಸುಪಾಸಿನಲ್ಲಿಯೂ ಪಾಲಿಪ್ರೊಪಿಲೀನ್ 165ರ ಸುಮಾರಿನಲ್ಲಿಯೂ ಕರಗುವುದರಿಂದ ಅವು ಯೋಗ್ಯ. 220ರಲ್ಲಿ ಕರಗುವ ನೈಲಾನ್ 6, ಅದಕ್ಕೂ ಹೆಚ್ಚಿನ ಕಾವು ಬೇಡುವ ನೀರಿನ ಸೀಸೆಯ ಪೆಟ್ ಇವು ಸಾಮಾನ್ಯವಾಗಿ ಅಯೋಗ್ಯ. ಎಪಾಕ್ಸಿ, ಪಾಲಿಯೆಸ್ಟರ್ ಮೊದಲಾದ ದ್ರವರಾಳಗಳು ಸಾಧಾರಣ ಉಷ್ಣತೆಯಲ್ಲಿಯೇ ಗಟ್ಟಿಯಾಗುವುದರಿಂದ ಅವುಗಳಿಗೆ ಈ ನಿರ್ಬಂಧವಿಲ್ಲ. ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಎಪಾಕ್ಸಿ ಅಷ್ಟೊಂದು ಬಳಕೆಯಾಗುವುದಕ್ಕೆ ಇದೂ ಒಂದು ಕಾರಣ. ಯಂತ್ರ ಬೇಡ, ಲೋಟವೂ ಕಡ್ಡಿಯೂ ಅಚ್ಚೂ ಇದ್ದರೆ ಸಾಕು. ಆದರೆ ಆ ಸೌಲಭ್ಯದಲ್ಲಿಯೇ ಕೇಡೂ ಇದೆ. ಕಲಕುವಾಗ ಸೇರಿದ ಗಾಳಿ ಗುಳ್ಳೆಗಳಾಗಿ ಉಳಿಯುತ್ತದೆ; ರಾಳಕ್ಕಿಂತ ಭಾರವಾದ ಕರಟದ ಕಣಗಳು, ರಾಳ ಗಟ್ಟಿಯಾಗುವುದಕ್ಕೆ ಮುಂಚೆ, ಮೆಲ್ಲಮೆಲ್ಲನೆ ತಳಕ್ಕಿಳಿಯುತ್ತವೆ. ಅಚ್ಚಿನಿಂದ ತೆಗೆದ ಹಲಗೆಯನ್ನು ಅಡ್ಡಲಾಗಿ ಗರಗಸದಿಂದ ಕೊಯ್ದು ನೋಡಿದರೆ ಕೆಳಗೆ ಕಡುಗಂದು, ಮೇಲೆ ಜೇನಿನ ಬಣ್ಣದ ಬರಿಯ ರಾಳ. ಒಂದೇ ಹಲಗೆಯ ಎರಡು ಮೈಗಳು ಎರಡು ವಸ್ತುಗಳು. ಇಂಥ ಹಲಗೆಯಿಂದ ಕತ್ತರಿಸಿದ ತುಂಡುಗಳ ಪರೀಕ್ಷಾಫಲವನ್ನು ಸರಾಸರಿಮಾಡಿ ಹೇಳುವುದರಲ್ಲಿ ಅರ್ಥವಿಲ್ಲ.

ಬಿಗುವೂ ಬಲವೂ ಬೇರೆಯಾಗುವ ಪರಿಯನ್ನು ಎರಡು ಸೂತ್ರಗಳು ಚೆನ್ನಾಗಿ ಮನಗಾಣಿಸುತ್ತವೆ. ದ್ರವದಲ್ಲಿ ಗೋಳಕಣಗಳು ತೇಲಾಡುತ್ತಿದ್ದರೆ ಆ ದ್ರವದ ಸ್ನಿಗ್ಧತೆ ಎಷ್ಟು ಹೆಚ್ಚುವುದೆಂಬುದನ್ನು ಐನ್‌ಸ್ಟೈನ್ 1906ರಲ್ಲಿ ಲೆಕ್ಕಹಾಕಿ, 1911ರಲ್ಲಿ ಅದನ್ನು ತಿದ್ದಿ, ಕಣಗಳ ಗಾತ್ರಾಂಶದ ಎರಡೂವರೆ ಪಟ್ಟು ವೃದ್ಧಿಯೆಂದು ಸ್ಥಾಪಿಸಿದನು. ಇದೇ ತರ್ಕವನ್ನು ರಬ್ಬರಿನ ಬಿಗುವಿಗೆ ಅನ್ವಯಿಸಿದ ಯೂಜೀನ್ ಗುತ್, ಕಣಗಳು ಒಂದರ ಮೇಲೊಂದು ಬೀರುವ ಪ್ರಭಾವಕ್ಕಾಗಿ ಮತ್ತೊಂದು ಪದವನ್ನು ಸೇರಿಸಿದನು. ಆ ಪ್ರಕಾರ ಗಾತ್ರದಲ್ಲಿ ಶೇ. 20ರಷ್ಟು ಗಟ್ಟಿಕಣಗಳಿದ್ದರೆ ಬಿಗುವು ಎರಡು ಪಟ್ಟಿಗೂ ತುಸು ಹೆಚ್ಚಾಗಬೇಕು. ಇನ್ನು ಬಲದ ಸೂತ್ರ: 1971ರಲ್ಲಿ ನಿಕೋಲಾಯಿಸ್ ಮತ್ತು ನಾರ್ಕಿಸ್ ಎಂಬ ವಿಜ್ಞಾನಿಗಳು, ಮಾತೃಕೆಗೆ ಕಿಂಚಿತ್ತೂ ಅಂಟದ ಗೋಳಕಣಗಳು ತುಂಬಿದ ವಸ್ತುವಿನಲ್ಲಿ ಭಾರವನ್ನು ಹೊರತಕ್ಕದ್ದು ಉಳಿದ ಮಾತೃಕೆಯ ಅಡ್ಡಕೊಯ್ತ ಮಾತ್ರವೆಂಬ ಆಧಾರದ ಮೇಲೆ ಒಂದು ಸಂಬಂಧವನ್ನು ಕೊಟ್ಟರು. ಅದೇ ಶೇ. 20ಕ್ಕೆ ಅದನ್ನು ಹಚ್ಚಿದರೆ ಎಳೆತದ ಬಲ ಬರಿಯ ಪ್ಲಾಸ್ಟಿಕ್ಕಿನ ಬಲದ ಶೇ. 59ಕ್ಕೆ ಇಳಿಯುತ್ತದೆ. ಪೂರಕ ಒಂದೇ, ಪ್ರಮಾಣ ಒಂದೇ. ಬಿಗುವು ಇಮ್ಮಡಿಸಿತು, ಬಲ ಹತ್ತಿರಹತ್ತಿರ ಅರ್ಧವಾಯಿತು. ಕಣಗಳು ಗೋಳವಾಗಿಲ್ಲದಿರುವುದರಿಂದಲೂ, ಅಂಟು ಪೂರ್ತಿ ಶೂನ್ಯವಲ್ಲದಿರುವುದರಿಂದಲೂ ವಾಸ್ತವದ ಅಂಕಿಗಳು ಇಷ್ಟು ನಿಷ್ಠುರವಾಗಿರವು. ಆದರೂ ದಿಕ್ಕು ಇದೇ. ಗ್ರಿಫಿತ್ ಎಂಬ ವಿಜ್ಞಾನಿ 1921ರಲ್ಲಿ ಗಾಜನ್ನು ಕುರಿತು ತೋರಿಸಿದಂತೆ ಭಂಗವು ಹೊರಡುವುದು ಇರುವ ದೋಷಗಳಲ್ಲಿ ದೊಡ್ಡದರಿಂದ. ಗಂಟುಕಟ್ಟಿದ ಪುಡಿ, ಅಂಟದೆ ಬಿಟ್ಟ ಕಣದ ಸುತ್ತಣ ಎಡೆ, ಗಾಳಿಯ ಗುಳ್ಳೆ ಇವೆಲ್ಲವೂ ಅಂಥ ದೋಷಗಳೇ. ಮುರಿಯುವ ಮುನ್ನ ಹಿಗ್ಗುವ ಗುಣ ಎಲ್ಲಕ್ಕಿಂತ ಮೊದಲು ಕುಸಿಯುತ್ತದೆ. ಪಾಲಿಪ್ರೊಪಿಲೀನಿನಂಥ ಬಳುಕುವ ಪ್ಲಾಸ್ಟಿಕ್ಕುಗಳಲ್ಲಿ ಪೆಟ್ಟು ತಾಳುವ ಶಕ್ತಿಯೂ ಅದರ ಹಿಂದೆಯೇ ತಗ್ಗುತ್ತದೆ.

ಅಂಟದಿರುವುದಕ್ಕೆ ಮೂಲಕಾರಣ ಈ ಎರಡು ದ್ರವ್ಯಗಳ ಸಹಜ ವೈರ. ಸೆಲ್ಯುಲೋಸಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿರುವುದರಿಂದ ಅದು ನೀರನ್ನು ಬಯಸುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನುಗಳು ಎಣ್ಣೆಯ ಜಾತಿಯವಾಗಿದ್ದು ನೀರನ್ನು ದೂರವಿಡುತ್ತವೆ. ಇವುಗಳನ್ನು ಒಲಿಸುವುದಕ್ಕೆ ಹಲವು ಉಪಾಯಗಳುಂಟು. ಅತ್ಯಂತ ಹಳೆಯದು ಕಾಸ್ಟಿಕ್ ಸೋಡದ ಸ್ನಾನ. ಲ್ಯಾಂಕಾಷೈರಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯ ಮೇಲೆ ಪ್ರಯೋಗಿಸಿದ ಕ್ರಮವೇ ಇಲ್ಲಿ ಹಗುರವಾದ ದ್ರಾವಣದಲ್ಲಿ ಪುನರಾವೃತ್ತವಾಗುತ್ತದೆ. ಅದು ಮೇಣವನ್ನೂ, ಸಡಿಲವಾದ ಹೆಮಿಸೆಲ್ಯುಲೋಸನ್ನೂ ತೊಳೆದು ಕಣದ ಮೈಯನ್ನು ತರಿತರಿಯಾಗಿಸುತ್ತದೆ. ಆದರೆ ತೊಳೆದ ಸೋಡನೀರನ್ನು ಎಲ್ಲಿ ಚೆಲ್ಲಬೇಕೆಂಬ ಪ್ರಶ್ನೆಗೆ ಬಹುತೇಕ ಪ್ರಬಂಧಗಳು ಉತ್ತರ ಹೇಳುವುದಿಲ್ಲ. ಪರಿಸರದ ಹೆಸರಿನಲ್ಲಿ ಹೊರಟ ಕಾರ್ಯಕ್ಕೆ ಇದೊಂದು ಸಣ್ಣ ಕಳಂಕವಲ್ಲ. ಕಾರ್ಖಾನೆಗಳು ಹೆಚ್ಚಾಗಿ ನೆಚ್ಚಿರುವ ಮಾರ್ಗ ಬೇರೆಯದು: ಪಾಲಿಪ್ರೊಪಿಲೀನಿನ ಸರಪಳಿಗೆ ಮಲೇಯಿಕ್ ಅನ್‌ಹೈಡ್ರೈಡ್ ಎಂಬ ಅಣುವನ್ನು ಕಸಿಮಾಡಿದ ದ್ರವ್ಯವನ್ನು ಶೇ. 2ರಿಂದ 5ರವರೆಗೆ ಸೇರಿಸುವುದು. ಅದರ ಕಸಿಯ ತುದಿ ಕಣದ ಹೈಡ್ರಾಕ್ಸಿಲನ್ನು ಹಿಡಿಯುತ್ತದೆ, ಸರಪಳಿಯ ಬಾಲ ಮಾತೃಕೆಯಲ್ಲಿ ಹೆಣೆದುಕೊಳ್ಳುತ್ತದೆ. ಸಿಲೇನ್ ಸಂಯುಕ್ತಗಳೂ ಇದೇ ಬಗೆಯ ಮಧ್ಯಸ್ಥಿಕೆ ನಡೆಸುತ್ತವೆ.

ಮಧ್ಯಸ್ಥಿಕೆ ಫಲಿಸಿತೋ ಇಲ್ಲವೋ ಎಂಬುದು ಮುರಿದ ತುಂಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದೊಡನೆ ತಿಳಿಯುತ್ತದೆ. ಸಂಸ್ಕರಿಸದ ಕಣ ಮಾತೃಕೆಯಿಂದ ಕಳಚಿ ಹೊರಬಿದ್ದಿರುತ್ತದೆ. ಅದು ಕುಳಿತಿದ್ದ ಕುಳಿಯ ಗೋಡೆ ನುಣ್ಣಗೆ, ಒಂದು ಗೀರೂ ಇಲ್ಲದೆ ಕಾಣುತ್ತದೆ. ಸಂಸ್ಕರಿಸಿದ ಕಣವಾದರೆ ಕಳಚುವ ಬದಲು ತಾನೇ ನಡುವೆ ಸೀಳಿ, ಅರ್ಧ ಈ ಕಡೆ ಅರ್ಧ ಆ ಕಡೆ ಉಳಿದಿರುತ್ತದೆ. ಅದರ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಎಳೆಗಳು ಹರಿದು ಜೋತಾಡುತ್ತವೆ. ಇಂಥ ಹಿಡಿತ ದೊರೆತಲ್ಲಿ, ಅದರಲ್ಲಿಯೂ ಕಣ ಸಿಬಿರಿನ ರೂಪದ್ದಾಗಿದ್ದಲ್ಲಿ, ಎಳೆತದ ಬಲ ಬರಿಯ ಪಾಲಿಪ್ರೊಪಿಲೀನಿನದನ್ನು ಮೀರುವುದುಂಟು. ಬಲವರ್ಧನೆಯೆಂಬ ಮಾತು ಆಗ ಮಾತ್ರ ಸಾರ್ಥಕ.

ಈ ವಸ್ತುಗಳಿಗೆ ನೀರು ಪರಮಶತ್ರು. ಪ್ಲಾಸ್ಟಿಕ್ ಹೊದ್ದ ಕಣಕ್ಕೆ ನೀರು ತಗಲದೆಂದು ಪ್ರಾರಂಭದ ತಯಾರಕರು ನಂಬಿದ್ದರು. ಪೂರಕ ಹೆಚ್ಚಾದಂತೆ ಕಣಕ್ಕೆ ಕಣ ತಗುಲಿ ಒಳಗಿನವರೆಗೂ ದಾರಿಯಾಗುತ್ತದೆಂಬುದನ್ನು ಅವರು ಗಮನಿಸಲಿಲ್ಲ. ಫ್ಲಾರಿಡಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಇಂಥ ಹಲಗೆಗಳನ್ನು ಹಾಸಿದ್ದ ಕಾಲುಹಾದಿಯ ಮೇಲೆ ಮರವನ್ನು ಕೊಳೆಯಿಸುವ ಅಣಬೆಗಳು ಎದ್ದಿರುವುದು 1998ರಲ್ಲಿ ವರದಿಯಾದ ಮೇಲೆ ಆ ನಂಬಿಕೆ ಸಡಿಲಿತು. ಬಿಸಿಲಿನಲ್ಲಿ ಲಿಗ್ನಿನ್ ಶಿಥಿಲವಾಗಿ ಹಲಗೆ ಬೂದುಬಣ್ಣಕ್ಕೆ ತಿರುಗುತ್ತದೆ; ಪುನಃಪುನಃ ನೆನೆದು ಒಣಗುವುದರಿಂದ ಕಣ ಉಬ್ಬಿ ಕುಗ್ಗಿ ಮಾತೃಕೆಯ ಹಿಡಿತವನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಬೋರೇಟ್ ಲವಣಗಳು, ನೇರಿಳೆಯಾಚೆಯ ಕಿರಣಗಳನ್ನು ತಡೆಯುವ ದ್ರವ್ಯಗಳು, ಹಲಗೆಯ ಮೇಲೆ ಬರಿಯ ಪ್ಲಾಸ್ಟಿಕ್ಕಿನ ಹೊದಿಕೆ ಇವೆಲ್ಲ ಆಮೇಲಿನ ಪರಿಹಾರಗಳು.

ಬೆಂಗಳೂರು ಈ ವಿದ್ಯೆಗೆ ಅಪರಿಚಿತವಲ್ಲ. 1938ರಲ್ಲಿ ಮೈಸೂರು ಸಂಸ್ಥಾನ ತೆರೆದ ಅರಣ್ಯ ಸಂಶೋಧನಾಲಯದಿಂದ ಬೆಳೆದುಬಂದ, ಮಲ್ಲೇಶ್ವರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರದ ಹಿಟ್ಟು ಮತ್ತು ಪ್ಲಾಸ್ಟಿಕ್ಕುಗಳ ಸಂಯೋಜಿತಗಳನ್ನು ಅಭ್ಯಸಿಸಿದೆ. 1962ರಲ್ಲಿ ಸ್ಥಾಪಿತವಾದ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನಾ ಸಂಸ್ಥೆ ಭತ್ತದ ಹೊಟ್ಟನ್ನು ರಾಳದಲ್ಲಿ ಒತ್ತಿ ಹಲಗೆ ಮಾಡುವ ಕ್ರಮವನ್ನು ರೂಪಿಸಿತು. ಬಾಗಿಲು, ಕಿಟಕಿಯ ಚೌಕಟ್ಟು, ಅಡಿಗೆಮನೆಯ ಕಪಾಟುಗಳಿಗೆ ಇಂದು ಪೇಟೆಯಲ್ಲಿ ಮರ-ಪ್ಲಾಸ್ಟಿಕ್ ಎಂಬ ಹೆಸರಿನಿಂದ ಮಾರುವ ನೊರೆಹಲಗೆಗಳಲ್ಲಿ ಮರದ ಹಿಟ್ಟು ಎಷ್ಟಿದೆಯೆಂಬುದನ್ನು ಮಾತ್ರ ಕೊಳ್ಳುವವರು ಕೇಳಿಯೇ ತಿಳಿಯಬೇಕು. ಹೆಸರಿನಲ್ಲಿ ಮರವಿದ್ದರೂ ಹೂರಣದಲ್ಲಿ ಸುಣ್ಣದಪುಡಿಯೇ ಪ್ರಧಾನವಾಗಿರುವ ಹಲಗೆಗಳೂ ಉಂಟು. ಹೊರನಾಡುಗಳಲ್ಲಿ ಮೋಟಾರುಗಾಡಿಯ ತಯಾರಕರು ಮುಂದಾಗಿದ್ದಾರೆ. ಫೋರ್ಡ್ ಕಂಪನಿ 2010ರ ಮಾದರಿಯ ಒಂದು ಗಾಡಿಯ ಸಾಮಾನುಪೆಟ್ಟಿಗೆಗಳಲ್ಲಿ ಶೇ. 20ರಷ್ಟು ಗೋಧಿಯ ಹುಲ್ಲನ್ನೂ, 2014ರ ಒಂದು ಟ್ರಕ್ಕಿನ ವಿದ್ಯುತ್ ತಂತಿಗಳ ಕವಚದಲ್ಲಿ ಅರ್ಕಾನ್ಸಾಸಿನ ಭತ್ತದ ಹೊಟ್ಟನ್ನೂ ಬಳಸಿತು. ಇವೆಲ್ಲ ಕಣ್ಣಿಗೆ ಬೀಳದ, ಹೆಚ್ಚು ಪೆಟ್ಟು ತಿನ್ನದ, ಮಳೆಬಿಸಿಲಿಗೆ ಒಡ್ಡದ ಭಾಗಗಳೆಂಬುದನ್ನು ಗಮನಿಸಿದರೆ ಈ ವಸ್ತುವಿನ ಯೋಗ್ಯತೆಯ ಎಲ್ಲೆ ಯಾವುದೆಂಬುದನ್ನು ಇಂಜಿನಿಯರುಗಳು ಚೆನ್ನಾಗಿ ಬಲ್ಲರೆಂದು ತೋರುತ್ತದೆ.

ಸಸ್ಯದ ಪುಡಿ ಸೇರಿದ್ದರಿಂದ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗುವುದೆಂಬ ಪ್ರಚಾರವನ್ನು ನಂಬತಕ್ಕದ್ದಲ್ಲ. ಹೊಟ್ಟು ಕೊಳೆತೀತು, ಅದರ ಸುತ್ತಣ ಪಾಲಿಥೀನ್ ಚೂರುಚೂರಾಗಿ ಹಾಗೆಯೇ ಉಳಿದೀತು. ಊಟದ ತಟ್ಟೆ ಲೋಟಗಳ ವಿಷಯದಲ್ಲಿ ಹೆಚ್ಚಿನ ಜಾಗ್ರತೆ ಬೇಕು. ಬಿದಿರಿನ ಪುಡಿಯನ್ನು ಮೆಲಮೈನ್ ರಾಳದಲ್ಲಿ ಒತ್ತಿ, ನಿಸರ್ಗಸಹಜವೆಂಬ ಬಿರುದಿನಿಂದ ಮಾರುತ್ತಿದ್ದ ಪಾತ್ರೆಗಳಿಂದ ಬಿಸಿ ಪಾನೀಯಕ್ಕೆ ಫಾರ್ಮಾಲ್ಡಿಹೈಡ್ ಮತ್ತು ಮೆಲಮೈನ್ ಇಳಿಯುವುದು ಕಂಡುಬಂದುದರಿಂದ, 2021ರಲ್ಲಿ ಯುರೋಪಿನ ಒಕ್ಕೂಟ ಅವುಗಳನ್ನು ಮಾರುಕಟ್ಟೆಯಿಂದ ತೆಗೆಸುವ ಕಾರ್ಯಾಚರಣೆಯನ್ನು ಕೈಕೊಂಡಿತು. ಪುಡಿ ಸಹಜವಾದರೂ ರಾಳ ಸಹಜವಲ್ಲ. ಅಷ್ಟೇ ಅಲ್ಲದೆ, ಪುಡಿಯೇ ರಾಳದ ಕ್ಷಯವನ್ನು ತ್ವರೆಗೊಳಿಸುವ ಸಂಭವವುಂಟು.

ಇತ್ತೀಚಿನ ವರ್ಷಗಳಲ್ಲಿ ಕಾಣಬರುತ್ತಿರುವ ಇನ್ನೊಂದು ಪ್ರವೃತ್ತಿ ಪುಡಿಯನ್ನು ಬೆರೆಸುವುದಕ್ಕೆ ಮುಂಚೆಯೇ ಗಾಳಿ ಸೋಕದಂತೆ ಹುರಿದು ಇದ್ದಲಾಗಿಸುವುದು. 2019ರಲ್ಲಿ ಫೋರ್ಡ್ ಕಂಪನಿ, ಕಾಫಿ ಬೀಜವನ್ನು ಹುರಿಯುವಾಗ ಕಳಚುವ ತೆಳುಪೊರೆಯನ್ನು ಹೀಗೆ ಸಂಸ್ಕರಿಸಿ, ಪ್ಲಾಸ್ಟಿಕ್ಕಿನಲ್ಲಿ ಕಲಸಿ, ಗಾಡಿಯ ಮುಂದೀಪದ ಕವಚವನ್ನು ಮಾಡುವುದಾಗಿ ಪ್ರಕಟಿಸಿತು. ಹಳೆಯ ಕವಚಕ್ಕಿಂತ ಅದು ಶೇ. 20ರಷ್ಟು ಹಗುರವೆಂದು ಕಂಪನಿಯ ಹೇಳಿಕೆ. ಹುರಿದ ಕಣದಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ಬಹುಮಟ್ಟಿಗೆ ಹೋಗಿರುವುದರಿಂದ ನೀರಿನ ಬಾಧೆ ಕಡಮೆ. 200 ಡಿಗ್ರಿಯ ಅಂಕೆಯೂ ಅದಕ್ಕಿಲ್ಲ. ಆದುದರಿಂದ ಹಿಂದೆ ಅಯೋಗ್ಯವೆನಿಸಿದ್ದ ನೈಲಾನಿನಂಥ ಪ್ಲಾಸ್ಟಿಕ್ಕುಗಳಲ್ಲಿಯೂ ಅದನ್ನು ಸೇರಿಸಬಹುದು. ಬಣ್ಣ ಮಾತ್ರ ಕಪ್ಪೊಂದೇ.